ಸಿಇಟಿಯೋ, ನೀಟೋ? ಕರಪತ್ರಕ್ಕೆ ಇನ್ನೊಂದು ಸಾಲು ಬೇಕು!

(ದೊಡ್ಡಬೆಳವಂಗಲದಲ್ಲಿ ಕನ್ನಡ ತರುಣರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)

ಕನ್ನಡದ ತರುಣ ಮಿತ್ರರೇ,

ಬೆಂಗಳೂರಿನಿಂದ ಬಸ್ಸು ಹತ್ತಿ ನಮ್ಮ ಹೋಬಳಿಯವರೆಗೂ ಬಂದಿದ್ದೀರಿ. ನಾನು ಭಾಷಣಕಾರನಲ್ಲ, ಪಿಯುಸಿಗೇ ಓದು ನಿಲ್ಲಿಸಿ ಪ್ರೆಸ್ಸು ಇಟ್ಟುಕೊಂಡವನು. ವೈದ್ಯಕೀಯ ಸೀಟಿಗೆ ಹಳೆಯ ಸಿಇಟಿಯೇ ಬರಲಿ ಎಂಬ ನಿಮ್ಮ ಕರಪತ್ರ ನನ್ನ ಪ್ರೆಸ್ಸಿಗೆ ಬಂದಿದೆ. ಅದಕ್ಕೆ ಒಂದು ಸಾಲು ಸೇರಿಸಿ ಎಂದು ಕೇಳಲು ನಿಂತಿದ್ದೇನೆ.

2016 ನೆನಪಿದೆಯೇ? ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಆ ವರ್ಷದಿಂದಲೇ ನೀಟ್ ಎಂದಿತು. ಮೇ 1ಕ್ಕೇ ಮೊದಲ ಹಂತದ ಪರೀಕ್ಷೆ! ನಮ್ಮ ಮಕ್ಕಳು ಮೇ 4, 5ರಂದು ಸಿಇಟಿ ಬರೆದರು. ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಹೇಳುವವರೇ ಇಲ್ಲ. ಮೇ 9ರಂದು ಕೋರ್ಟು ರಾಜ್ಯಗಳ ಪರೀಕ್ಷೆ ಆಗದು ಎಂದಿತು. ನೀಟ್ ಮೊದಲ ಹಂತ ಬರೆದವರು ಜುಲೈ 24ರ ಎರಡನೆಯ ಹಂತಕ್ಕೆ ಕೂರಬೇಕಾದರೆ ಮೊದಲಿನ ಅಂಕ ಬಿಟ್ಟುಕೊಡಬೇಕು! ಕೊನೆಗೆ ಮೇ 24ರ ಸುಗ್ರೀವಾಜ್ಞೆಯಿಂದ ಸರ್ಕಾರಿ ಸೀಟುಗಳಿಗೆ ಆ ಒಂದು ವರ್ಷ ಸಿಇಟಿ ಉಳಿಯಿತು. ಹದಿನೆಂಟರ ಮಗು ಜೀವಶಾಸ್ತ್ರ ಓದಬೇಕೋ, ಕೋರ್ಟಿನ ಸುದ್ದಿ ಓದಬೇಕೋ? ಆ ವರ್ಷದ ನೀಟ್ ಇದ್ದದ್ದೂ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ.

2017ರ ಪರೀಕ್ಷೆಗೆ ಬೇರೆ ಭಾಷೆಗಳು ಬಂದವು. ಮೊದಲ ಪಟ್ಟಿಯಲ್ಲಿ ತಮಿಳಿತ್ತು, ತೆಲುಗಿತ್ತು, ಮರಾಠಿಯಿತ್ತು. ಕನ್ನಡ ಇರಲಿಲ್ಲ! ಆಮೇಲೆ ಸೇರಿಸಿದರು. ಹೇಗೆ ಸೇರಿಸಿದರು? ಕನ್ನಡದ ಜೊತೆಗೆ ಇಂಗ್ಲಿಷೂ ಅಚ್ಚಾಗಿರುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷೇ ಅಂತಿಮ. ಅಚ್ಚಿನ ಕಸುಬಿನವನಾಗಿ ಹೇಳುತ್ತೇನೆ, ತಪ್ಪಿದ್ದರೂ ನಡೆಯುತ್ತದೆ ಎಂದು ಮೊದಲೇ ಬರೆದಿಟ್ಟ ಪ್ರತಿಯ ಪ್ರೂಫನ್ನು ಯಾರೂ ಕಣ್ಣಿಟ್ಟು ನೋಡುವುದಿಲ್ಲ. 2018ರ ತಮಿಳು ಪತ್ರಿಕೆಯಲ್ಲಿ 49 ಪ್ರಶ್ನೆಗಳ ಅನುವಾದ ತಪ್ಪೆಂದು ಮದ್ರಾಸ್ ಹೈಕೋರ್ಟಿನ ಮದುರೈ ಪೀಠ 196 ಅಂಕ ಕೊಡಿ ಎಂದಿತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುವ ಪರೀಕ್ಷೆ ಸ್ವಾಮಿ ಇದು! ಇನ್ನು ಕಾಸರಗೋಡಿನ ಕನ್ನಡದ ಹುಡುಗಿ ಕನ್ನಡ ಪತ್ರಿಕೆ ಬೇಕೆಂದರೆ ಗಡಿ ದಾಟಿ ಈಚೆಗೆ ಬಂದು ಬರೆಯಬೇಕು. ಕನ್ನಡ ಪತ್ರಿಕೆ ಕರ್ನಾಟಕದ ಕೇಂದ್ರಗಳಿಗಷ್ಟೇ!

2024ರ ಜುಲೈನಲ್ಲಿ ನಮ್ಮ ವಿಧಾನಸಭೆ ನೀಟ್ ಬೇಡ, ಸಿಇಟಿ ಸಾಕು ಎಂದು ನಿರ್ಣಯ ಮಾಡಿತು. ಸರಿಯೇ. ಸರ್ಕಾರಿ ಕಾಲೇಜುಗಳ ನೂರರಲ್ಲಿ 85 ಸೀಟು ಹಂಚುವುದು ನಾವೇ ಆದಾಗ ಪರೀಕ್ಷೆಯೂ ನಮ್ಮದೇ ಆಗಲಿ. ಆದರೆ ಸಿಇಟಿಯ ಕಾಲದಲ್ಲಿ ಪಿಯು ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುತ್ತಿದ್ದೆವೇ? ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಕೊಟ್ಟೆವು. ಪಿಯುಸಿ ಮೆಟ್ಟಿಲು ಹತ್ತಿದ ದಿನವೇ ಅವರನ್ನು ಇಂಗ್ಲಿಷಿನ ಬಾವಿಗೆ ತಳ್ಳಿದೆವು. ಆ ಬಾವಿಯ ನೀರು ಕುಡಿದವನೇ ನಾನೂ. ದೆಹಲಿಯನ್ನು ಬೈಯುವಾಗ ಇದನ್ನೂ ಬಾಯಿ ಬಿಟ್ಟು ಹೇಳಿ.

ಆದ್ದರಿಂದ ಸಿಇಟಿ ಮರಳಿ ಬರಲಿ ಎಂಬುದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ಈ ಸಾಲು ಹಾಕೋಣ: ಪರೀಕ್ಷೆ ಯಾವುದೇ ಇರಲಿ, ಕನ್ನಡ ಪ್ರಶ್ನೆ ತಪ್ಪಿದ್ದರೆ ಅದರ ಅಂಕ ಕನ್ನಡದಲ್ಲಿ ಬರೆದ ಮಗುವಿಗೆ. ಒಪ್ಪಿಗೆಯಾದರೆ ಇಂದೇ ಪ್ರೂಫ್ ತೆಗೆದುಕೊಡುತ್ತೇನೆ. ತಪ್ಪಿದ್ದರೆ ತಿದ್ದಿ ಕೊಡಿ.