ಎರಡು ಆಟ, ಒಂದೇ ಜಗಳ

(ಕುಂದಾಪುರದ ಯುವಕ ಸಂಘವೊಂದರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಂಗಳೂರಿನಿಂದ ಕುಂದಾಪುರಕ್ಕೆ ಬರುವ ರಾತ್ರಿ ಬಸ್ಸಿನಲ್ಲಿ ಒಮ್ಮೆ ನನ್ನ ಮುಂದಿನ ಸೀಟಿನಲ್ಲಿದ್ದ ಇಬ್ಬರು ಹುಡುಗರು ಜೋರಾಗಿ ವಾದ ಮಾಡುತ್ತಿದ್ದರು. "ಹೊಸ ಮ್ಯಾನೇಜರ್ ಬಂದ ಮೇಲೆ ಆಟವೇ ಕೆಟ್ಟುಹೋಯಿತು" ಎಂದು ಒಬ್ಬ. "ಮೊದಲು ಮಹಾ ಚೆನ್ನಾಗಿತ್ತೋ? ಸ್ವಲ್ಪ ಸಮಯ ಕೊಡಬೇಕು ಮಾರಾಯ" ಎಂದು ಇನ್ನೊಬ್ಬ. ಪಕ್ಕದಲ್ಲಿದ್ದ ಬೈಂದೂರು ಕಡೆಯ ಹಿರಿಯರೊಬ್ಬರು ಬಹಳ ಹೊತ್ತು ಕಿವಿಗೊಟ್ಟು ಕೇಳಿದರು. ಕಡೆಗೆ ತಡೆಯಲಾರದೆ, "ಯಾವ ಮೇಳದ ಸುದ್ದಿ ಮಕ್ಳೆ ಅದು?" ಎಂದು ಕೇಳಿಯೇಬಿಟ್ಟರು.

ಹುಡುಗರು ಮಾತಾಡುತ್ತಿದ್ದುದು ಫುಟ್‌ಬಾಲ್ ತಂಡದ ಬಗ್ಗೆ, ಬೆಂಗಳೂರು ಎಫ್‌ಸಿ ಬಗ್ಗೆ. ಆದರೆ ನಮ್ಮ ಸೀಮೆಯಲ್ಲಿ 'ಆಟ' ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. ವಿಷಯ ತಿಳಿದ ಮೇಲೆ ಆ ಹಿರಿಯರು ನಕ್ಕು, "ಹಾಗಾದ್ರೆ ಆಟ ಬೇರೆ, ಜಗಳ ನಮ್ದೇ" ಎಂದರು. ಈ ಸಂಜೆ ನಾನು ಮಾತಾಡಬೇಕೆಂದಿರುವುದು ಆ ಜಗಳದ ಬಗ್ಗೆ. ತಂಡಕ್ಕೆ ಹೊಸ ಯಜಮಾನಿಕೆ ಬಂದಾಗ ಅಭಿಮಾನಿಗಳು ಆಟದ ಶೈಲಿಯ ಬಗ್ಗೆ ಯಾಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುತ್ತಾರೆ? ಗೆದ್ದರೆ ಸಾಲದೆ?

ಮ್ಯಾನೇಜರೋ, ಭಾಗವತನೋ?

ಮೊದಲು ಒಂದು ಗೊಂದಲ ಪರಿಹರಿಸಿಕೊಳ್ಳೋಣ. ನಮ್ಮ ಮೇಳಗಳಲ್ಲೂ ಮ್ಯಾನೇಜರ್ ಇರುತ್ತಾರೆ. ಆದರೆ ಅವರ ಕೆಲಸ ಲೆಕ್ಕಪತ್ರ, ಆಟದ ಬುಕಿಂಗ್, ಊಟ ವಸತಿಯ ಏರ್ಪಾಡು. ಫುಟ್‌ಬಾಲಿನ ಮ್ಯಾನೇಜರ್ ಹಾಗಲ್ಲ. ಯಾರು ಆಡಬೇಕು, ಎಲ್ಲಿ ನಿಲ್ಲಬೇಕು, ಯಾವ ರೀತಿ ಆಡಬೇಕು ಎಂಬುದನ್ನು ತೀರ್ಮಾನಿಸುವವನು ಅವನು. ನಮ್ಮಲ್ಲಿ ಆ ಸ್ಥಾನ ಭಾಗವತರದ್ದು. 'ಭಾಗವತನೇ ಮೊದಲ ವೇಷಧಾರಿ' ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಪದ್ಯ ಎಲ್ಲಿ ಏರಿಸಬೇಕು, ಯಾವ ಪದ್ಯ ಬಿಡಬೇಕು, ಮಾತು ಉದ್ದವಾದಾಗ ಎಲ್ಲಿ ತಾಳ ತಟ್ಟಿ ಮುಂದಕ್ಕೆ ಒಯ್ಯಬೇಕು, ಇದೆಲ್ಲ ಅವರ ಕೈಯಲ್ಲಿದೆ. ಒಂದೇ ವ್ಯತ್ಯಾಸ, ಭಾಗವತರು ರಂಗಸ್ಥಳದ ಮೇಲೆಯೇ ಇರುತ್ತಾರೆ. ಫುಟ್‌ಬಾಲ್ ಮ್ಯಾನೇಜರ್ ಗೆರೆಯ ಹೊರಗೆ ನಿಂತು ಕೂಗಬಹುದು, ಆಟಗಾರರನ್ನು ಬದಲಿಸಬಹುದು, ಅಷ್ಟೆ.

ಇನ್ನು 'ಶೈಲಿ' ಎಂದರೇನು? ಚೆಂಡನ್ನು ಸಣ್ಣ ಸಣ್ಣ ಪಾಸುಗಳಲ್ಲಿ ತಮ್ಮವರ ಕಾಲಲ್ಲೇ ಇಟ್ಟುಕೊಂಡು ಎದುರಾಳಿಯನ್ನು ದಣಿಸುವುದು ಒಂದು ಬಗೆ. ಎತ್ತರಕ್ಕೆ, ದೂರಕ್ಕೆ ಒದ್ದು ಬಲಿಷ್ಠ ಮುನ್ಪಡೆ ಆಟಗಾರನ ಮೂಲಕ ಗೋಲಿನ ಬಳಿಗೆ ಹೋಗುವುದು ಇನ್ನೊಂದು. ಎದುರಾಳಿಗೆ ಚೆಂಡು ಬಿಟ್ಟುಕೊಟ್ಟು, ಅವರು ಮುಂದೆ ಬಂದಾಗ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ನುಗ್ಗುವುದು ಮತ್ತೊಂದು. ಕಾರ್ನರ್ ಕಿಕ್, ಫ್ರೀ ಕಿಕ್‌ಗಳನ್ನೇ ಆಯುಧ ಮಾಡಿಕೊಳ್ಳುವುದು ಇನ್ನೂ ಒಂದು. ನಿಯಮದ ಪ್ರಕಾರ ಎಲ್ಲವೂ ಸರಿ. ಎಲ್ಲದರಿಂದಲೂ ಗೋಲು ಬರುತ್ತದೆ. ಆದರೂ ನೋಡುವವನಿಗೆ ಎಲ್ಲವೂ ಒಂದೇ ಅಲ್ಲ.

ನಮ್ಮಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಬ್ರಹ್ಮಾವರದ ಹತ್ತಿರದ ಹಾರಾಡಿ, ಮಟಪಾಡಿ ಎರಡೂ ಪುಟ್ಟ ಊರುಗಳು, ಅಕ್ಕಪಕ್ಕದ ಊರುಗಳು. ಆದರೆ ಬಡಗುತಿಟ್ಟಿನ ಒಳಗೇ ಹಾರಾಡಿ ತಿಟ್ಟು, ಮಟಪಾಡಿ ತಿಟ್ಟು ಎಂದು ಎರಡು ಬಗೆಗಳನ್ನು ನಮ್ಮ ಹಿರಿಯರು ಗುರುತಿಸಿದರು. ಒಂದು ಕಡೆ ಹಾರಾಡಿ ರಾಮ ಗಾಣಿಗರ ಹೆಸರು, ಇನ್ನೊಂದು ಕಡೆ ವೀರಭದ್ರ ನಾಯಕರ ಹೆಸರು. ಪ್ರಸಂಗ ಒಂದೇ, ಕಥೆ ಒಂದೇ, ಕೊನೆಯಲ್ಲಿ ಸಾಯುವವನೂ ಅವನೇ. ಜನ ರಾತ್ರಿಯಿಡೀ ನಿದ್ದೆಗೆಟ್ಟು ಕೂತದ್ದು ಯಾರು ಗೆಲ್ಲುತ್ತಾರೆಂದು ತಿಳಿಯಲಿಕ್ಕಲ್ಲ, ಹೇಗೆ ಗೆಲ್ಲುತ್ತಾರೆಂದು ನೋಡಲಿಕ್ಕೆ.

ಬೆಂಗಳೂರಿನ ಕಥೆ

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ತರಬೇತುದಾರ ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್. ದೇಹದಾರ್ಢ್ಯ, ಶಿಸ್ತು, ಕಾರ್ನರ್ ಮತ್ತು ಫ್ರೀ ಕಿಕ್‌ಗಳ ಕಟ್ಟುನಿಟ್ಟಾದ ಅಭ್ಯಾಸ, ಇವು ಆ ತಂಡದ ಗುರುತು. ಮೊದಲ ವರ್ಷವೇ, ಅಂದರೆ 2013–14ರಲ್ಲಿ, ಐ-ಲೀಗ್ ಗೆದ್ದರು. 2015–16ರಲ್ಲಿ ಮತ್ತೆ ಗೆದ್ದರು. ನಡುವೆ ಫೆಡರೇಷನ್ ಕಪ್ ಕೂಡ ಬಂತು. 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿಗಳ ಗುಂಪು ಹುಟ್ಟಿ, ನೀಲಿ ಅಂಗಿ ತೊಟ್ಟು ತೊಂಬತ್ತು ನಿಮಿಷವೂ ನಿಂತೇ ಹಾಡುವ ಪದ್ಧತಿ ಬೆಳೆಯಿತು.

2016ರಲ್ಲಿ ವೆಸ್ಟ್‌ವುಡ್ ಹೋಗಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾ ಕ್ಲಬ್ಬಿನಲ್ಲಿ ಸಹಾಯಕರಾಗಿದ್ದವರು. ಅವರದು ಚೆಂಡನ್ನು ಬಿಟ್ಟುಕೊಡದ ಪಾಸಿನ ಆಟ. ಆ ವರ್ಷದ ಎಎಫ್‌ಸಿ ಕಪ್‌ನಲ್ಲಿ ತಂಡವನ್ನು ಕ್ವಾರ್ಟರ್ ಫೈನಲ್‌ವರೆಗೆ ತಂದವರು ವೆಸ್ಟ್‌ವುಡ್, ಅಲ್ಲಿಂದ ಫೈನಲ್‌ಗೆ ಒಯ್ದವರು ರೋಕಾ. ಅಕ್ಟೋಬರಿನಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು ಕಂಠೀರವ ಕ್ರೀಡಾಂಗಣದಲ್ಲಿ 3–1ರಿಂದ ಸೋಲಿಸಿದಾಗ, ಆ ಕಪ್‌ನ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಸರು ಬಂತು. ದೋಹಾದ ಫೈನಲ್‌ನಲ್ಲಿ ಇರಾಕಿನ ತಂಡದ ಎದುರು 0–1ರಿಂದ ಸೋತರು. ಈಗ ಹೇಳಿ, ಆ ಸಾಧನೆ ಯಾರ ಶೈಲಿಗೆ ಸಲ್ಲಬೇಕು? ವಾದಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ?

ಹೊಸ ಶೈಲಿ ಪುಕ್ಕಟೆ ಬರುವುದಿಲ್ಲ. ಮುಂದಿನ ಐ-ಲೀಗ್‌ನಲ್ಲಿ ಬೆಂಗಳೂರು ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಕಪ್ ಗೆದ್ದು ಅಭ್ಯಾಸವಾಗಿದ್ದ ಜನರಿಗೆ ಅದು ಹೊಸ ಅನುಭವ. ಆಮೇಲೆ ತಂಡ ಐಎಸ್‌ಎಲ್ ಸೇರಿ, 2017–18ರಲ್ಲಿ ಲೀಗ್ ಹಂತದ ಅಗ್ರಸ್ಥಾನ ಪಡೆಯಿತು. ಮಾರ್ಚ್ 17ರ ಫೈನಲ್ ತಮ್ಮದೇ ಕಂಠೀರವದಲ್ಲಿ. ಎದುರಾಳಿ ಚೆನ್ನೈಯಿನ್. ಸುನಿಲ್ ಚೆಟ್ರಿ ಒಂಬತ್ತನೆಯ ನಿಮಿಷದಲ್ಲೇ ಗೋಲು ಹೊಡೆದರು. ಆದರೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವಿಸ್ ಎರಡು ಕಾರ್ನರ್‌ಗಳಿಗೆ ತಲೆಕೊಟ್ಟು ಎರಡು ಗೋಲು ಹೊಡೆದು ಆಟ ತಿರುಗಿಸಿದರು. ಬೆಂಗಳೂರು 2–3ರಿಂದ ಸೋತಿತು. ವರ್ಷವಿಡೀ ಚೆಂದದ ಪಾಸು ಆಡಿದ ತಂಡವನ್ನು ಎರಡು ಕಾರ್ನರ್ ಮುಳುಗಿಸಿದ್ದವು.

ಸ್ವಾರಸ್ಯ ಇರುವುದು ಮುಂದೆ. ರೋಕಾ ಸ್ಥಾನಕ್ಕೆ ಅವರ ಸಹಾಯಕರೇ ಆಗಿದ್ದ ಕಾರ್ಲಸ್ ಕ್ವಾಡ್ರಾಟ್ ಬಂದರು. ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಮತ್ತೆ ಫೈನಲ್. ಈ ಸಲ ಎದುರಿಗಿದ್ದುದು ಆಗಿನ ಲೀಗಿನಲ್ಲಿ ಕಣ್ಣಿಗೆ ಹಬ್ಬವೆನಿಸಿದ್ದ ಗೋವಾ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದ 117ನೆಯ ನಿಮಿಷದಲ್ಲಿ ಒಂದು ಕಾರ್ನರ್. ರಾಹುಲ್ ಭೆಕೆ ತಲೆಯಿಂದ ಗೋಲು. 1–0. ಹಿಂದಿನ ವರ್ಷ ಯಾವುದರಿಂದ ಸೋತಿದ್ದರೋ ಅದರಿಂದಲೇ ಚಾಂಪಿಯನ್ ಆದರು.

ಆದರೆ ಜಗಳ ನಿಲ್ಲಲಿಲ್ಲ. ಕಪ್ ಗೆದ್ದ ನಂತರವೇ 'ಕಾರ್ನರ್ ಬಿಟ್ಟರೆ ನಮಗೆ ಗೋಲಿಗೆ ಬೇರೆ ದಾರಿ ಇಲ್ಲವೆ?' ಎಂಬ ಗೊಣಗಾಟ ಕೇಳತೊಡಗಿತು. 2021ರ ಜನವರಿಯಲ್ಲಿ ಕ್ವಾಡ್ರಾಟ್ ಹೋದರು. ಜರ್ಮನಿಯ ಮಾರ್ಕೊ ಪೆಜ್ಜಯುವೊಲಿ ಬಂದರು, ಹೋದರು. 2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್ ಬಂದು ಡ್ಯುರಾಂಡ್ ಕಪ್ ಗೆಲ್ಲಿಸಿದರು, ಐಎಸ್‌ಎಲ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತರು, 2023ರ ಡಿಸೆಂಬರಿನಲ್ಲಿ ಅವರೂ ನಿರ್ಗಮಿಸಿದರು. ಮತ್ತೆ ಸ್ಪೇನಿನ ಜೆರಾರ್ಡ್ ಜರಗೋಜಾ. ಆ ಋತುವಿನಲ್ಲಿ ತಂಡ ಹತ್ತನೆಯ ಸ್ಥಾನದಲ್ಲಿ ನಿಂತಿತು. ಮರುವರ್ಷ, 2025ರ ಏಪ್ರಿಲಿನಲ್ಲಿ, ಅದೇ ತರಬೇತುದಾರನ ಕೈಕೆಳಗೆ ಫೈನಲ್ ತಲುಪಿ ಮೋಹನ್ ಬಾಗಾನ್ ಎದುರು 1–2ರಿಂದ ಸೋತಿತು. ಹತ್ತನೆಯ ಸ್ಥಾನದಲ್ಲಿದ್ದಾಗ ಅವರನ್ನು ಕಳಿಸಿಬಿಡಿ ಎಂದವರೂ ಇದ್ದರು, ಕಾಯೋಣ ಎಂದವರೂ ಇದ್ದರು. ಬಸ್ಸಿನ ಹುಡುಗರಂತೆಯೇ.

ಗೋಲಿನ ಲೆಕ್ಕ, ನೆನಪಿನ ಲೆಕ್ಕ

ಇದು ಬೆಂಗಳೂರಿನ ಕಾಯಿಲೆಯಲ್ಲ. 1982ರ ವಿಶ್ವಕಪ್‌ನಲ್ಲಿ ಟೆಲೆ ಸಂಟಾನಾ ಅವರ ಬ್ರೆಜಿಲ್ ತಂಡ ಇಟಲಿಯ ಎದುರು ಡ್ರಾ ಮಾಡಿಕೊಂಡರೂ ಸೆಮಿಫೈನಲ್ ಸೇರುತ್ತಿತ್ತು. ಆದರೆ ಮುನ್ನುಗ್ಗಿ ಆಡುವ ತನ್ನ ಆಟ ಬಿಡಲಿಲ್ಲ. ಪಾವ್ಲೊ ರೋಸಿಯ ಮೂರು ಗೋಲುಗಳಿಂದ 2–3ಕ್ಕೆ ಸೋತು ಮನೆಗೆ ಹೋಯಿತು. 1994ರಲ್ಲಿ ಪರೇರಾ ಅವರ ಬ್ರೆಜಿಲ್ ಎಚ್ಚರಿಕೆಯ ಆಟವಾಡಿತು. ಫೈನಲ್‌ನಲ್ಲಿ ಅದೇ ಇಟಲಿಯ ಎದುರು ಒಂದೂ ಗೋಲಿಲ್ಲದೆ, ಪೆನಾಲ್ಟಿಯಲ್ಲಿ ಗೆದ್ದು, 24 ವರ್ಷಗಳ ನಂತರ ವಿಶ್ವಕಪ್ ತಂದಿತು. ಆದರೂ ಫುಟ್‌ಬಾಲ್ ಪ್ರಿಯರು ಇಂದಿಗೂ ಪ್ರೀತಿಯಿಂದ ನೆನೆಯುವುದು ಸೋತ 1982ರ ತಂಡವನ್ನು. ಗೋಲಿನ ಲೆಕ್ಕ ಒಂದು, ನೆನಪಿನ ಲೆಕ್ಕ ಇನ್ನೊಂದು.

ಹಾಗೆಂದು ಚೆಂದವೇ ಎಲ್ಲ, ಬದಲಾವಣೆ ಬೇಡ ಎನ್ನುವುದೂ ಸರಿಯಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ಎದುರು 1–2ರಿಂದ ಸೋತರೂ ಮೆಚ್ಚುಗೆ ಪಡೆದರು. ನಮ್ಮ ಆ ಒಂದು ಗೋಲು ಬೆಂಗಳೂರಿನ ರಾಮನ್ ಅವರದು. ಬರಿಗಾಲ ಆಟವೇ ನಮ್ಮ ಹೆಮ್ಮೆಯಾಯಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾದ ಎದುರು 1–10ರಿಂದ ಸೋತಾಗ ಕಣ್ಣು ತೆರೆಯಿತು, ಬೂಟು ಕಡ್ಡಾಯವಾಯಿತು. ಬೂಟು ತೊಟ್ಟ ಭಾರತ 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೆಯ ಸ್ಥಾನ, 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗಳಿಸಿತು.

ನಮ್ಮ ಊರಿನ ಪಾಠ

ನಮ್ಮೂರಿನಲ್ಲೂ ಇಂಥ ಬೂಟಿನ ಪ್ರಶ್ನೆ ಎದ್ದಿತ್ತು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಯಕ್ಷಗಾನದ ಮಾತನ್ನು ಕತ್ತರಿಸಿ, ರಾತ್ರಿಯಿಡೀ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ, ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ತಂದಾಗ ಎದ್ದ ವಾದ ಇನ್ನೂ ಪೂರ್ತಿ ಆರಿಲ್ಲ. ಗುಂಡ್ಮಿ ಕಾಳಿಂಗ ನಾವಡರ ಉದಾಹರಣೆ ಇನ್ನೂ ಹತ್ತಿರದ್ದು. 1958ರಲ್ಲಿ ಹುಟ್ಟಿ, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಈ ಭಾಗವತರು ಸಾಲಿಗ್ರಾಮ ಮೇಳದ ಡೇರೆಗೆ ಜನರನ್ನು ಸೆಳೆದ ಬಗೆ ಹಿರಿಯರಾದ ನಿಮಗೇ ಗೊತ್ತು. ಹೊಸ ರಾಗ, ಹೊಸ ಪ್ರಸಂಗ, ಹೊಸ ಓಟ. 'ಇದು ಯಕ್ಷಗಾನವೇ ಅಲ್ಲ' ಎಂದು ಮುಖ ತಿರುಗಿಸಿದವರಿದ್ದರು. ಇವತ್ತು ಹೊಸ ಭಾಗವತರೊಬ್ಬರು ಸ್ವಲ್ಪ ಬೇರೆ ಹಾಡಿದರೆ, 'ನಾವಡರ ಹಾಗಿಲ್ಲ' ಎಂದು ಅವರದೇ ಹೆಸರನ್ನು ಅಳತೆಗೋಲು ಮಾಡುತ್ತಾರೆ. ನಿನ್ನೆಯ ಹೊಸತು ಇಂದಿನ ಸಂಪ್ರದಾಯವಾಗಿದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಶೈಲಿಯ ಬಗ್ಗೆ ಜಗಳವಾಡುವ ಅಭಿಮಾನಿ ವಾಸ್ತವವಾಗಿ ಕೇಳುತ್ತಿರುವುದು 'ಈ ತಂಡ ಯಾರದು?' ಎಂದು. ಬಂಡವಾಳ ಹೂಡುವವರು ಮಾಲೀಕರು, ತರಬೇತುದಾರರು ಎರಡು ವರ್ಷಕ್ಕೊಬ್ಬರು ಬದಲಾಗುತ್ತಾರೆ, ಆಟಗಾರರು ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುತ್ತಾರೆ. ವರ್ಷ ವರ್ಷವೂ ಉಳಿಯುವವನು ಟಿಕೆಟ್ ಕೊಂಡು ಬರುವವನು ಒಬ್ಬನೇ. ಹಿಂದಿನ ಆಟದ ನೆನಪು ಇರುವುದು ಅವನ ಬಳಿ. ಆ ನೆನಪಿನ ಬಲದಿಂದಲೇ ಅವನು 'ಇದು ನಮ್ಮ ಆಟವಲ್ಲ' ಎನ್ನುತ್ತಾನೆ. ಅದನ್ನು ಅಧಿಕಪ್ರಸಂಗ ಎಂದು ತಳ್ಳಿಹಾಕಬಾರದು. ಆದರೆ ಅವನೂ ಎರಡು ವಿಷಯ ಮರೆಯಬಾರದು. ಹೊಸಬನ ಕೈಗೆ ಸಿಕ್ಕಿರುವ ಆಟಗಾರರು ಆ ಶೈಲಿಗೆ ಒಗ್ಗುವವರೇ ಎಂದು ಕೇಳಬೇಕು. ಕಲಿಯಲು ಎಷ್ಟು ಸಮಯ ಸಿಕ್ಕಿದೆ ಎಂದೂ ಕೇಳಬೇಕು. ಇವೆರಡನ್ನು ಕೇಳದೆ ಮಾಡುವ ಟೀಕೆ ಬರೀ ಬೈಗುಳ.

ಆಟವೇ ಇಲ್ಲದಿದ್ದರೆ?

ಕೊನೆಯದಾಗಿ ಒಂದು ಮಾತು. ಮಳೆಗಾಲದಲ್ಲಿ ನಮ್ಮ ಮೇಳಗಳು ನಿಲ್ಲುತ್ತವೆ. ಆಗಲೂ ಅಂಗಡಿ ಜಗಲಿಗಳಲ್ಲಿ 'ಈ ವರ್ಷ ಯಾರು ಯಾವ ಮೇಳಕ್ಕೆ?' ಎಂಬ ಚರ್ಚೆ ನಿಲ್ಲುವುದಿಲ್ಲ. ಮಳೆ ಕಳೆದು ಮೇಳ ಹೊರಡುವುದು ನಿಶ್ಚಿತ ಎಂಬ ನಂಬಿಕೆಯೇ ಆ ಚರ್ಚೆಗೆ ಆಧಾರ. 2025ರಲ್ಲಿ ಭಾರತದ ಫುಟ್‌ಬಾಲಿನಲ್ಲಿ ಆ ನಂಬಿಕೆಯೇ ಅಲುಗಾಡಿತು. ಫೆಡರೇಷನ್‌ಗೂ ಲೀಗು ನಡೆಸುವ ಕಂಪನಿಗೂ ಇದ್ದ ಒಪ್ಪಂದ ಡಿಸೆಂಬರಿಗೆ ಮುಗಿಯಲಿತ್ತು, ಮುಂದೇನೆಂದು ತೀರ್ಮಾನವಾಗಿರಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಏಪ್ರಿಲಿನಲ್ಲಿ ಫೈನಲ್ ಆಡಿದ್ದ ತಂಡಕ್ಕೆ ಆ ವರ್ಷದ ಕೊನೆಯ ತನಕವೂ ಹೊಸ ಲೀಗು ಆರಂಭವಾಗಲಿಲ್ಲ. ಪಾಸಿನ ಆಟವೋ ಕಾರ್ನರ್ ಆಟವೋ ಎಂದು ಕೇಳುವವರೇ ಇರಲಿಲ್ಲ. ಆಟ ಉಂಟೋ ಇಲ್ಲವೋ ಎಂಬುದೊಂದೇ ಪ್ರಶ್ನೆ ಉಳಿದಿತ್ತು.

ಆದ್ದರಿಂದ ಗೆಳೆಯರೆ, ಬಸ್ಸಿನಲ್ಲಿ, ಜಗಲಿಯಲ್ಲಿ, ಡೇರೆಯ ಹೊರಗಿನ ಚಹಾ ಅಂಗಡಿಯಲ್ಲಿ ಜಗಳವಾಡೋಣ. ಹೊಸ ಭಾಗವತರನ್ನೂ ಹೊಸ ತರಬೇತುದಾರರನ್ನೂ ಪ್ರಶ್ನಿಸೋಣ. ಆದರೆ ಜಗಳಕ್ಕೆ ಮೊದಲು ಟಿಕೆಟ್ ಕೊಂಡು ಒಳಗೆ ಹೋಗಿ, ಪೂರ್ತಿ ಆಟ ನೋಡಿ ಬರೋಣ.