ಮುನ್ನಂದಾಜು ವಿಧಿಬರಹವಲ್ಲ



ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಕಟ್ಟಡ ಸಾಮಗ್ರಿಗಳನ್ನು ಹೊತ್ತು ಲಕ್ಷದ್ವೀಪಕ್ಕೆ ಸಾಗುವ ನೌಕೆಗಳನ್ನು ನಾವು ಬಲ್ಲೆವು. ಆ ದ್ವೀಪಗಳ ಒಟ್ಟು ವಿಸ್ತೀರ್ಣ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಅವುಗಳ ಬುನಾದಿಯೇ ಹವಳ. ಅಲೆಗಳ ಹೊಡೆತವನ್ನು ತಡೆಯುವುದು ಹವಳದ ದಿಬ್ಬ. ಟ್ಯೂನಾ ಹಿಡಿಯಲು ಬೇಕಾದ ಜೀವಂತ ಎರೆಮೀನು ದೊರೆಯುವುದೂ ಅದರ ಆಸರೆಯಲ್ಲೇ.

ಹವಳದ ದೇಹದೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿಯೇ ಅದಕ್ಕೆ ಆಹಾರ ಒದಗಿಸುತ್ತದೆ. ಸಮುದ್ರದ ನೀರು ಬೇಸಿಗೆಯ ವಾಡಿಕೆಯ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳವು ಆ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. ಶಾಖ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಸಾಯುತ್ತದೆ. 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪವು ಈ ಆಘಾತವನ್ನು ಅನುಭವಿಸಿದೆ. ಎರಡು ಆಘಾತಗಳ ನಡುವೆ ಚೇತರಿಕೆಗೆ ದೊರೆಯುವ ಬಿಡುವೇ ಇಲ್ಲಿ ನಿರ್ಣಾಯಕ.

ಶಾಖಕ್ಕೂ ಹವಳದ ಸಾವಿಗೂ ಇರುವ ಈ ನಂಟನ್ನು ಆಧರಿಸಿ ವಿಜ್ಞಾನಿಗಳು ಮುಂದಿನದನ್ನು ಅಂದಾಜಿಸುತ್ತಾರೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2018ರ ವರದಿಯಂತೆ, ಭೂಮಿಯ ತಾಪ ಕೈಗಾರಿಕಾಪೂರ್ವ ಕಾಲಕ್ಕಿಂತ 1.5 ಡಿಗ್ರಿ ಏರಿದರೆ ಜಗತ್ತಿನ ಹವಳದಿಬ್ಬಗಳಲ್ಲಿ ಶೇ. 70ರಿಂದ 90ರಷ್ಟು ನಶಿಸುವುವು. 2 ಡಿಗ್ರಿಯಾದರೆ ಶೇ. 99ಕ್ಕೂ ಹೆಚ್ಚು.

ಇದನ್ನು ಕೇಳಿ ಕೈಚೆಲ್ಲಿ ಕೂರುವುದು ಸಲ್ಲದು. ಇದು ವಿಧಿಬರಹವಲ್ಲ, ಹೀಗೆ ನಡೆದರೆ ಹೀಗಾಗುವುದು ಎಂಬ ಲೆಕ್ಕ. ಆ ಅರ್ಧ ಡಿಗ್ರಿಯ ಅಂತರದಲ್ಲಿಯೇ ಮನುಷ್ಯನ ಆಯ್ಕೆ ಅಡಗಿದೆ. ಆದರೆ ಜಾಗತಿಕ ಅಂಕಿಯು ಯಾವ ದಿಬ್ಬ ಉಳಿದೀತೆಂದು ಹೇಳದು. ಎಲ್ಲ ದಿಬ್ಬಗಳೂ ಸಮಾನವಾಗಿ ಚೇತರಿಸಿಕೊಳ್ಳುವುದಿಲ್ಲ. ಆದ್ದರಿಂದ ಪ್ರತಿ ದ್ವೀಪದಲ್ಲೂ ವರ್ಷವರ್ಷವೂ ವೀಕ್ಷಣೆ ನಡೆಸಿ, ಬೇಗ ಚೇತರಿಸುವ ದಿಬ್ಬಗಳನ್ನು ಗುರುತಿಸಿ ಮೊದಲು ಅವುಗಳನ್ನು ರಕ್ಷಿಸಬೇಕು. ಪಾಚಿಯನ್ನು ಮೇದು ಎಳೆಯ ಹವಳಕ್ಕೆ ಜಾಗ ಮಾಡಿಕೊಡುವ ಗಿಳಿಮೀನಿನಂಥ ಮೀನುಗಳ ಬೇಟೆಗೆ ಮಿತಿ ಹಾಕಬೇಕು. ಗಾಳದಿಂದ ಟ್ಯೂನಾ ಹಿಡಿಯುವ ದ್ವೀಪದವರ ಕಸುಬಿಗೆ ಬೆಂಬಲ ದೊರೆಯಬೇಕು. ದಿಬ್ಬದ ಬಳಿ ಹೂಳೆತ್ತುವ, ತೀರದಲ್ಲಿ ಕಟ್ಟಡ ಕಟ್ಟುವ ಯಾವ ಯೋಜನೆಯೂ ಈ ಲೆಕ್ಕವನ್ನು ಕಡೆಗಣಿಸಬಾರದು.

ಭೂಮಿಯನ್ನು ಬಿಸಿಮಾಡಿದ ಹೊಗೆಯಲ್ಲಿ ದ್ವೀಪವಾಸಿಗಳ ಪಾಲು ಅತ್ಯಲ್ಪ. ನಷ್ಟ ಮಾತ್ರ ಮೊದಲು ಅವರದು. ನಗರಗಳಲ್ಲಿ ಇಂಧನ ಸುಡುವ ನಾವು ಈ ಅನ್ಯಾಯದಲ್ಲಿ ಪಾಲುದಾರರಲ್ಲವೇ? ಎಚ್ಚರಿಕೆ ಬಂದಾಗಿದೆ. ಇನ್ನು ತಿಳಿದಿರಲಿಲ್ಲವೆಂಬ ನೆಪ ನಮಗೆ ಉಳಿದಿಲ್ಲ.