ಬಾಯ್ಲರ್ ಕೋಣೆಯಿಂದ ಕಟ್ಟಡದ ಗೇಟಿಗೆ
(ಮುಂಬಯಿಯ ಕನ್ನಡಿಗ ನಿವೃತ್ತ ಸೈನಿಕರ ಸಮ್ಮೇಳನದ ಅಧ್ಯಕ್ಷ ಭಾಷಣ)



ಕಾರ್ಯಪ್ಪ, ತಿಮ್ಮಯ್ಯ ಈ ಇಬ್ಬರನ್ನು ಸ್ಮರಿಸದೆ ಕನ್ನಡಿಗ ಸೈನಿಕರ ಸಭೆ ಮೊದಲಾಗುವುದಿಲ್ಲವಾದ್ದರಿಂದ ಅವರನ್ನು ಸ್ಮರಿಸಿದ್ದೇನೆ. ಆದರೆ ಸೇನೆಯೆಂದರೆ ಕೊಡಗು, ಕೊಡಗೆಂದರೆ ಆ ಇಬ್ಬರು ಸೇನಾನಿಗಳು ಎಂಬಲ್ಲಿಗೆ ನಮ್ಮವರ ಸೈನ್ಯಜ್ಞಾನ ಮುಗಿದುಹೋಗುವುದನ್ನು ಕಂಡು ಕಂಡು ನನಗೆ ಬೇಸರ ಬಂದಿದೆ. ಅಂಕೋಲೆಯ, ಕುಂದಾಪುರದ, ಉಡುಪಿಯ ಎಷ್ಟು ಮಂದಿ ಹುಡುಗರು ನೌಕಾಪಡೆಯನ್ನು ಸೇರಿ ಹಡಗಿನ ತಳದಲ್ಲಿ, ಸೂರ್ಯನನ್ನೇ ಕಾಣದೆ, ತಮ್ಮ ಯೌವನವನ್ನು ಕಳೆದರೆಂಬುದನ್ನು ಬರೆದಿಟ್ಟವರಿಲ್ಲ. ನಾನು ಅಂಥವರ ಪೈಕಿಯವನು. ಆದಕಾರಣ ಇಂದಿನ ನನ್ನ ಮಾತು ಹಡಗಿನ ತಳದಿಂದ ಬಂದ ಮಾತು.

ಯುದ್ಧತಂತ್ರದ ವಿಷಯದಲ್ಲಿ ಪಂಡಿತರು ಬರೆದ ಗ್ರಂಥಗಳು ಬಹಳ. ನನಗೆ ತಿಳಿದಿರುವುದು ಇಷ್ಟು: 1970ರ ಜೂನ್ ತಿಂಗಳಲ್ಲಿ ವಿಮಾನವಾಹಕ ನೌಕೆ ವಿಕ್ರಾಂತ್ ಇದೇ ನಗರದ ನೌಕಾ ಡಾಕ್‌ಯಾರ್ಡಿನಲ್ಲಿ ನಿಂತಾಗ ಅದರ ಬಾಯ್ಲರುಗಳ ನೀರಿನ ಡ್ರಮ್ಮುಗಳಲ್ಲಿ ಬೆಸುಗೆಗೆ ಒಗ್ಗದ ಬಿರುಕುಗಳು ಕಂಡುಬಂದವು. ಹೊಸ ಡ್ರಮ್ಮುಗಳು ಈ ದೇಶದಲ್ಲಿ ದೊರೆಯತಕ್ಕವಾಗಿರಲಿಲ್ಲ, ಬ್ರಿಟನ್ನಿನಿಂದ ತರಿಸಬೇಕಾಗಿತ್ತು, ಅವು ಬರುವವರೆಗೆ ಬಾಯ್ಲರುಗಳನ್ನು ಹೊತ್ತಿಸಕೂಡದೆಂಬ ಆಜ್ಞೆಯೂ ಆಯಿತು. ಆದರೆ ಪೂರ್ವದ ದಿಕ್ಕಿನಲ್ಲಿ ಯುದ್ಧದ ಮೋಡಗಳು ಕವಿಯುತ್ತಿರಲಾಗಿ, 1971ರ ಮಾರ್ಚ್ ತಿಂಗಳಲ್ಲಿ ಅದೇ ಬಾಯ್ಲರುಗಳನ್ನು ಹಬೆಯ ಒತ್ತಡ ತಗ್ಗಿಸಿ ಮತ್ತೆ ಹೊತ್ತಿಸಿದರು. ವೇಗ ಕುಂದಿದ ಆ ಹಡಗನ್ನೇ ಬಂಗಾಳ ಕೊಲ್ಲಿಗೆ ಒಯ್ದರು. ಡಿಸೆಂಬರ್ 4ರಂದು ಅದರಿಂದ ಮೇಲೆದ್ದ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರಿನ ಮೇಲೂ ಚಿತ್ತಗಾಂಗಿನ ಮೇಲೂ ಎರಗಿದವು. ಅದೇ ದಿನದ ರಾತ್ರಿ, ಬಂದರು ಕಾಯುವುದಕ್ಕೆಂದು ಕೊಂಡ ಸಣ್ಣ ಕ್ಷಿಪಣಿ ದೋಣಿಗಳಾದ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕರಾಚಿಯ ಬಾಗಿಲಿಗೆ ಹೋಗಿ ಹೊಡೆದು ಬಂದವು. ಇರುವ ಸಲಕರಣೆ ಏತಕ್ಕಾಗಿ ತಯಾರಾಯಿತೆಂಬುದನ್ನು ಬದಿಗಿಟ್ಟು, ಅದನ್ನು ನಡೆಸುವವನ ಕೈಯಲ್ಲಿ ಅದು ಏನಾಗಬಲ್ಲುದೆಂದು ನೋಡಿದ ಫಲ ಇದು.

ಐದು ದಿನ ಕಳೆಯುವುದರೊಳಗೆ, ಡಿಸೆಂಬರ್ 9ರ ರಾತ್ರಿ, ನಮ್ಮ ಯುದ್ಧನೌಕೆ ಖುಕ್ರಿ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರೂ ಸೇರಿ 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಅದರೊಂದಿಗೆ ಹೋದರು. ಶತ್ರುವಿನ ಜಲಾಂತರ್ಗಾಮಿಗೆ ನಮ್ಮ ಹಡಗು ಕೇಳಿಸುತ್ತಿತ್ತು. ನಮ್ಮ ಹಡಗಿಗೆ ಅದು ಕೇಳಿಸಲಿಲ್ಲ. ವಿಕ್ರಾಂತಿನ ಕಥೆಯನ್ನು ಸಭೆಗಳಲ್ಲಿ ಹೇಳುವವರು ಖುಕ್ರಿಯ ಕಥೆಯನ್ನೂ ಜೊತೆಯಲ್ಲಿ ಹೇಳಬೇಕು. ಇಲ್ಲವಾದರೆ, ಮನುಷ್ಯನ ಕೆಚ್ಚು ಒಂದಿದ್ದರೆ ಯಂತ್ರದ ಕೊರತೆ ತಾನೇ ತುಂಬಿಕೊಳ್ಳುತ್ತದೆಂಬ ಭ್ರಾಂತಿ ಖಜಾನೆಯ ಬೀಗದ ಕೈ ಹಿಡಿದವರಿಗೆ ಬಹಳ ಪ್ರಿಯವಾದೀತು.

ಇಷ್ಟು ಪೀಠಿಕೆ. ಇನ್ನು ನಾನು ಹೇಳಬೇಕೆಂದು ಬಂದ ವಿಷಯ.

ಅಂಧೇರಿಯ ಒಂದು ಬಹುಮಹಡಿ ಕಟ್ಟಡದ ಗೇಟಿನಲ್ಲಿ ನನ್ನ ಜಿಲ್ಲೆಯವನೇ ಆದ ಒಬ್ಬ ಮಾಜಿ ನಾವಿಕನಿದ್ದಾನೆ. ಹದಿನೆಂಟನೆಯ ವಯಸ್ಸಿನಲ್ಲಿ ನೌಕಾಪಡೆ ಸೇರಿ, ಲೋಣಾವಳೆಯ ಐ.ಎನ್.ಎಸ್. ಶಿವಾಜಿಯಲ್ಲಿ ಕಲಿತು, ಹದಿನೈದು ವರ್ಷ ಬಾಯ್ಲರ್ ಕೋಣೆಯಲ್ಲಿ ವಾಚ್ ಮಾಡಿ, ಮೂವತ್ತಮೂರನೆಯ ವಯಸ್ಸಿನಲ್ಲಿ ಹೊರಬಂದವನು. ಈಗ ಸೆಕ್ಯೂರಿಟಿ ಏಜೆನ್ಸಿಯ ನೀಲಿ ಅಂಗಿ ತೊಟ್ಟು, ಬಂದುಹೋಗುವವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯುತ್ತಾನೆ. ಒಮ್ಮೆ ನಾನು ಅವನನ್ನು ಕಾಣಹೋದಾಗ ಮಾತಿನ ನಡುವೆ ಅವನು ಕಿವಿ ನಿಮಿರಿಸಿ, “ಸಾರ್, ಕೆಳಗಿನ ನೀರಿನ ಪಂಪಿನ ಬೇರಿಂಗ್ ಹೋಗಿದೆ, ಇನ್ನೆರಡು ದಿನ ತಡೆದೀತು” ಎಂದನು. ಸೊಸೈಟಿಯ ಕಾರ್ಯದರ್ಶಿಗೆ ತಿಳಿಸಿದೆಯಾ ಎಂದು ಕೇಳಿದೆ. ತಿಳಿಸಿದ್ದನಂತೆ, “ನೀನು ಗೇಟು ನೋಡಿಕೋ” ಎಂಬ ಉತ್ತರ ದೊರಕಿತ್ತಂತೆ. ಪಂಪು ಎರಡು ದಿನ ಕಳೆದ ಮೇಲೆ ನಿಂತಿತು. ಟ್ಯಾಂಕರಿನ ನೀರು ಬಂತು. ಲೈಸೆನ್ಸು ಇದ್ದ ಮೆಕ್ಯಾನಿಕನೂ ಬಂದ. ಅವನು ಪಂಪನ್ನು ಬಿಚ್ಚುವಾಗ ಟಾರ್ಚ್ ಹಿಡಿದು ನಿಂತವನು ನಮ್ಮ ನಾವಿಕ.

ಬಾಯ್ಲರ್ ಕೋಣೆಯ ವಾಚ್ ಎಂದರೇನೆಂಬುದನ್ನು ಇಲ್ಲಿರುವ ಭೂಸೇನೆಯ ಬಂಧುಗಳಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮೇಲಿಂದ ನಾಲ್ಕು ಗಂಟೆಗಳ ಕಾಲ ಕಣ್ಣು ಕೀಳುವಂತಿಲ್ಲ. ಮಟ್ಟ ಇಳಿದರೆ ಕೊಳವೆಗಳು ಸುಟ್ಟುಹೋಗುತ್ತವೆ, ಏರಿದರೆ ನೀರು ಟರ್ಬೈನಿಗೆ ನುಗ್ಗಿ ಅದರ ಅಲಗುಗಳನ್ನು ಮುರಿಯುತ್ತದೆ. ಅತಿತಪ್ತವಾದ ಹಬೆ ಎಲ್ಲಿಯಾದರೂ ಸೋರಿದರೆ ಕಣ್ಣಿಗೆ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಕೈ ಚಾಚಿ ಹುಡುಕಿದವನ ಕೈ ಉಳಿಯುವುದಿಲ್ಲವಾದ್ದರಿಂದ ಕಸಬರಿಕೆಯ ಕೋಲನ್ನು ಮುಂದೆ ಹಿಡಿದು ಹುಡುಕುವುದು ಹಳಬರು ಕಲಿಸಿದ ಉಪಾಯ. ಇಷ್ಟೆಲ್ಲ ಬಲ್ಲವನು ಹೊರಗೆ ಬಂದು, ಭಿವಂಡಿಯ ಬಣ್ಣದ ಕಾರಖಾನೆಯಲ್ಲಿಯೋ ಠಾಣೆ-ಬೇಲಾಪುರ ರಸ್ತೆಯ ಔಷಧದ ಕಾರಖಾನೆಯಲ್ಲಿಯೋ, ತಾನು ನಡೆಸಿದ್ದರ ನಾಲ್ಕನೆಯ ಒಂದಂಶವೂ ಇಲ್ಲದ ಬಾಯ್ಲರಿನ ಮುಂದೆ ಕೂರುವ ಕೆಲಸ ಕೇಳಿದರೆ, ಬಾಯ್ಲರ್ ಅಟೆಂಡೆಂಟಿನ ಸರ್ಟಿಫಿಕೇಟು ಎಲ್ಲಿ ಎನ್ನುತ್ತಾರೆ. ಕೇಳತಕ್ಕದ್ದೇ, ಬಾಯ್ಲರು ಸಿಡಿದರೆ ಕಟ್ಟಡವೇ ಹಾರಿಹೋದೀತು. ಆ ಸರ್ಟಿಫಿಕೇಟಿನ ಪರೀಕ್ಷೆಗೆ ಕೂರಬೇಕಾದರೆ ಅನುಭವದ ಪತ್ರ ಬೇಕು. ನಮ್ಮ ಹುಡುಗನೊಬ್ಬನನ್ನು ಕರೆದುಕೊಂಡು ನಾನೇ ಒಂದು ಕಚೇರಿಗೆ ಹೋಗಿ ಅವನ ಡಿಸ್ಚಾರ್ಜ್ ಪುಸ್ತಕವನ್ನು ಮೇಜಿನ ಮೇಲಿಟ್ಟೆನು. ಗುಮಾಸ್ತನು ಅದನ್ನು ಹಿಂದುಮುಂದಾಗಿ ತಿರುವಿ ನೋಡಿ, ಕಾಯಿದೆಯ ಪುಸ್ತಕವನ್ನು ತೆರೆದು, ಬಹಳ ವಿನಯದಿಂದಲೇ ಹೀಗೆಂದನು: 1923ರ ಬಾಯ್ಲರ್ ಕಾಯಿದೆಯು ಸೇನಾಪಡೆಗಳ ಬಾಯ್ಲರುಗಳಿಗೆ ಅನ್ವಯಿಸುವುದಿಲ್ಲ, ಅನ್ವಯಿಸದ ಬಾಯ್ಲರಿಗೆ ನೋಂದಣಿ ಸಂಖ್ಯೆ ಇಲ್ಲ, ನಮೂನೆಯ ಆ ಕಲಮಿನಲ್ಲಿ ನೋಂದಣಿ ಸಂಖ್ಯೆ ಬರೆಯದೆ ಅರ್ಜಿ ಸ್ವೀಕರಿಸಲಾಗದು.

ಅಂದರೆ, ಮಹನೀಯರೇ, ಯುದ್ಧನೌಕೆಯನ್ನು ಓಡಿಸಿದ ಆ ಬಾಯ್ಲರು ಕಾಯಿದೆಯ ಕಣ್ಣಿನಲ್ಲಿ ಬಾಯ್ಲರೇ ಅಲ್ಲ. ಅದರ ಮುಂದೆ ಹದಿನೈದು ವರ್ಷ ಬೆಂದವನು ಬೆಂದವನೇ ಅಲ್ಲ. ಸೇನೆಯ ಕೆಲಸಕ್ಕೆ ನಾಗರಿಕ ಇನ್‌ಸ್ಪೆಕ್ಟರನ ಅಡ್ಡಿ ಬಾರದಿರಲೆಂದು ಕೊಟ್ಟ ವಿನಾಯಿತಿ ಸರಿಯಾದದ್ದೇ. ಯಂತ್ರಕ್ಕೆ ಕೊಟ್ಟ ಆ ವಿನಾಯಿತಿ ಮನುಷ್ಯನಿಗೆ ಶಿಕ್ಷೆಯಾಗಿ ಪರಿಣಮಿಸಬಾರದಾಗಿತ್ತು. ಈ ವಿಷಯದಲ್ಲಿ ನಾನು ಬರೆದ ಪತ್ರಗಳಿಗೆ ಬಂದ ಉತ್ತರಗಳು ಎರಡೇ ಬಗೆಯವು: ನೌಕಾಪಡೆಯ ಕಡೆಯವರು ಇದು ರಾಜ್ಯ ಸರಕಾರಕ್ಕೆ ಸಂಬಂಧಿಸಿದ್ದೆಂದರು, ರಾಜ್ಯದ ಕಡೆಯವರು ಇದು ರಕ್ಷಣಾ ಇಲಾಖೆಗೆ ಸಂಬಂಧಿಸಿದ್ದೆಂದರು. ಇಬ್ಬರೂ ‘ತಮ್ಮ ದೇಶಸೇವೆಯನ್ನು ಗೌರವಿಸುತ್ತೇವೆ’ ಎಂದು ಮುಗಿಸಿದ್ದರು.

ಹಬೆಯ ಕಾಲ ಮುಗಿಯಿತು, ಈಗ ಗ್ಯಾಸ್ ಟರ್ಬೈನು, ಡೀಸೆಲು, ಈ ಮುದುಕನದು ಹಳೆಯ ಹಾಡು ಎಂದು ಹಿಂದಿನ ಸಾಲಿನಲ್ಲಿ ಪಿಸುಗುಟ್ಟುವವರಿಗೆ ಒಂದು ಮಾತು. ನಮ್ಮದೇ ಕಾರವಾರದಲ್ಲಿ ನೆಲೆಗೊಂಡಿರುವ ವಿಕ್ರಮಾದಿತ್ಯ ಯುದ್ಧನೌಕೆಯು ಇಂದಿಗೂ ಎಂಟು ಬಾಯ್ಲರುಗಳ ಹಬೆಯಿಂದಲೇ ಚಲಿಸುತ್ತದೆ. ಅಲ್ಲದೆ ನಾನು ಹೇಳುವುದು ಬಾಯ್ಲರಿನದೊಂದೇ ಅಲ್ಲ. ಟರ್ಬೈನು ನಡೆಸಿದವನಿಗೂ, ರಾಡಾರು ದುರಸ್ತಿ ಮಾಡಿದವನಿಗೂ, ಟ್ಯಾಂಕಿನ ಎಂಜಿನ್ ಬಿಚ್ಚಿ ಜೋಡಿಸಿದ ಭೂಸೇನೆಯ ಹವಾಲ್ದಾರನಿಗೂ ಇದೇ ಗತಿ. ಕೇಂದ್ರ ಸರಕಾರದ ಸಿ ವರ್ಗದ ಹುದ್ದೆಗಳಲ್ಲಿ ನೂರಕ್ಕೆ 10ನ್ನೂ ಹಿಂದಿನ ಡಿ ವರ್ಗದಲ್ಲಿ 20ನ್ನೂ ಮಾಜಿ ಸೈನಿಕರಿಗೆಂದು ಕಾದಿರಿಸಿದ್ದಾರೆ. ಆದರೆ ಅರ್ಹ ಅಭ್ಯರ್ಥಿ ದೊರೆಯಲಿಲ್ಲವೆಂಬ ಷರಾ ಬರೆದು ಆ ಸ್ಥಾನಗಳನ್ನು ಖಾಲಿ ಬಿಡುವುದು ನಮಗೆಲ್ಲ ಗೊತ್ತಿರುವ ಸಂಗತಿ. ಅರ್ಹತೆ ಇಲ್ಲದೆ ಅಲ್ಲ, ಅರ್ಹತೆಯನ್ನು ಓದಲು ಬಾರದೆ.

ಇದು ಹೊಸ ಅಳಲೂ ಅಲ್ಲ. 1946ರ ಫೆಬ್ರುವರಿ 18ರಂದು ಇದೇ ಮುಂಬಯಿಯ ತಲ್ವಾರ್ ನೆಲೆಯಲ್ಲಿ ನಾವಿಕರು ಎದ್ದು ನಿಂತದ್ದನ್ನು ಎಲ್ಲರೂ ಬಲ್ಲರು; ಕೆಟ್ಟ ಊಟಕ್ಕಾಗಿ ಎದ್ದರೆಂದೂ ಸ್ವಾತಂತ್ರ್ಯಕ್ಕಾಗಿ ಎದ್ದರೆಂದೂ ಬರೆಯುತ್ತಾರೆ. ಅವರ ಮುಷ್ಕರ ಸಮಿತಿಯ ಬೇಡಿಕೆಗಳ ಪಟ್ಟಿಯಲ್ಲಿ, ಸೇವೆಯಿಂದ ಬಿಡುಗಡೆಯಾಗುವವರಿಗೆ ಶಾಂತಿಕಾಲದ ತಕ್ಕ ಉದ್ಯೋಗ ಬೇಕೆಂಬುದೂ ಇತ್ತು. ಎದ್ದವರನ್ನು ಸ್ವತಂತ್ರ ಭಾರತವೂ ನೌಕಾಪಡೆಗೆ ಮರಳಿ ಸೇರಿಸಿಕೊಳ್ಳಲಿಲ್ಲ. ಅವರ ಆ ಬೇಡಿಕೆಯನ್ನು ಕೈಗೆತ್ತಿಕೊಂಡವರೂ ಇಲ್ಲ. ಕಾರ್ಗಿಲ್ ಯುದ್ಧದ ತರುವಾಯ ಕೆ. ಸುಬ್ರಹ್ಮಣ್ಯಂ ಅವರ ಸಮಿತಿಯು, ಸೈನಿಕನನ್ನು ಏಳರಿಂದ ಹತ್ತು ವರ್ಷಗಳ ಮೇಲೆ ಅರೆಸೇನಾಪಡೆಗಳಿಗೆ ವರ್ಗಾಯಿಸಬಹುದೆಂದು ಸೂಚಿಸಿತು. ಆರನೆಯ ವೇತನ ಆಯೋಗವೂ ಅದೇ ದಾರಿಯನ್ನು ತೋರಿಸಿತು. ಹಾಗೆ ಮಾಡಿದ್ದರೆ ಸೈನ್ಯವು ತರುಣವಾಗುತ್ತಿತ್ತು, ಅರೆಸೇನಾಪಡೆಗಳಿಗೆ ಪಳಗಿದವರು ದೊರೆಯುತ್ತಿದ್ದರು, ಪೆನ್ಷನ್ನಿನ ಹೊರೆಯೂ ಮುಂದಕ್ಕೆ ಹೋಗುತ್ತಿತ್ತು. ಇಲಾಖೆ ಇಲಾಖೆಗಳ ಜ್ಯೇಷ್ಠತೆಯ ಜಗಳದಲ್ಲಿ ಆ ಸಲಹೆ ಸತ್ತಿತು. ಆ ಸಲಹೆಯ ಮೊದಲರ್ಧವನ್ನು ಮಾತ್ರ ಎತ್ತಿಕೊಂಡಂತೆ 2022ರಲ್ಲಿ ಅಗ್ನಿಪಥ ಬಂದಿತು: ನಾಲ್ಕು ವರ್ಷ ಸೇವೆ, ಅನಂತರ ನೂರಕ್ಕೆ 25ರವರೆಗೆ ಉಳಿಸಿಕೊಂಡು ಮಿಕ್ಕವರನ್ನು ಕಳುಹಿಸುವುದು. ಅದರ ಗುಣದೋಷಗಳನ್ನು ಕುರಿತು ಇಲ್ಲಿ ವಾದಿಸಲಾರೆ. ಹದಿನೈದು ವರ್ಷದ ಅನುಭವವನ್ನೇ ಓದಲಾರದ ಗುಮಾಸ್ತನು ನಾಲ್ಕು ವರ್ಷದ್ದನ್ನು ಹೇಗೆ ಓದಿಯಾನೆಂಬುದಷ್ಟೇ ನನ್ನ ಪ್ರಶ್ನೆ.

ಆದಕಾರಣ ನನ್ನ ಸೂಚನೆ ಇದು. ಹಳೆಯ ಕಾಯಿದೆಗೆ ಬದಲಾಗಿ 2025ರ ಬಾಯ್ಲರ್ ಕಾಯಿದೆ ಬಂದಿದೆ. ಅದರ ಕೆಳಗಿನ ನಿಯಮಗಳಲ್ಲಿ, ಹಡಗಿನ ಎಂಜಿನಿಯರ್ ಅಧಿಕಾರಿ ಸಹಿ ಮಾಡಿದ ವಾಚ್ ದಾಖಲೆಯನ್ನು ಅನುಭವ ಪತ್ರವೆಂದು ಅಂಗೀಕರಿಸತಕ್ಕದ್ದೆಂಬ ಒಂದೇ ವಾಕ್ಯ ಸೇರಲಿ. ನೌಕಾಪಡೆಯು ತನ್ನ ಪಾಲಿಗೆ, ಪ್ರತಿ ನಾವಿಕನ ಪುಸ್ತಕದಲ್ಲಿ ಯಂತ್ರದ ಬಗೆ, ಹಬೆಯ ಒತ್ತಡ, ನಡೆಸಿದ ಗಂಟೆಗಳು ಇವನ್ನು ನಾಗರಿಕ ನಮೂನೆಯ ಕಲಮುಗಳಲ್ಲಿಯೇ ವರ್ಷಕ್ಕೊಮ್ಮೆ ತುಂಬಿಸಲಿ. ಪರೀಕ್ಷೆಯಿಂದ ವಿನಾಯಿತಿಯನ್ನು ನಾನು ಬೇಡುತ್ತಿಲ್ಲ. ನಮ್ಮವರು ಪರೀಕ್ಷೆಗೆ ಕೂತು ಪಾಸು ಮಾಡುತ್ತಾರೆ. ಕೂರುವುದಕ್ಕೆ ಬೆಂಚು ಕೊಡಲಿ.

ಎರಡನೆಯದು ಕರಾವಳಿಯ ಕಾವಲು. 2008ರ ನವೆಂಬರ್ 26ರಂದು ಹತ್ತು ಮಂದಿ ಹಂತಕರು ಕುಬೇರ್ ಎಂಬ ಮೀನುಗಾರಿಕೆಯ ದೋಣಿಯನ್ನು ವಶಪಡಿಸಿಕೊಂಡು ಬಂದು, ರಬ್ಬರ್ ದೋಣಿಯಲ್ಲಿ ಕಫ್ ಪರೇಡಿನ ಮಚ್ಛೀಮಾರ್ ನಗರದ ಹತ್ತಿರ ಇಳಿದಾಗ, ಅವರನ್ನು ಮೊದಲು ಕಂಡವರು ಮೀನುಗಾರರೇ. ತರುವಾಯ ಪೊಲೀಸರಿಗೆ ವೇಗದ ದೋಣಿಗಳನ್ನು ಕೊಂಡುಕೊಟ್ಟರು. ಒಂದು ಜೆಟ್ಟಿಯಲ್ಲಿ ಅಂಥ ದೋಣಿಯೊಂದು ಹಗ್ಗಕ್ಕೆ ಕಟ್ಟಿಕೊಂಡು ತಳದಲ್ಲಿ ಚಿಪ್ಪುಹುಳು ಬೆಳೆಸಿಕೊಂಡು ನಿಂತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇಳಿದರೆ, ನಡೆಸುವವರಿಲ್ಲ ಎಂದರು. ಅದೇ ವೇಳೆಯಲ್ಲಿ ಆ ಜೆಟ್ಟಿಗೆ ಎರಡು ಮೈಲಿಯೊಳಗೆ, ದೋಣಿಯನ್ನು ಕಣ್ಣುಮುಚ್ಚಿ ನಡೆಸಬಲ್ಲ ಎಷ್ಟು ಮಂದಿ ಎ.ಟಿ.ಎಂ. ಬಾಗಿಲುಗಳಲ್ಲಿ ತೂಕಡಿಸುತ್ತಿದ್ದರೋ! ವರ್ಸೋವಾದಿಂದ ಕೊಲಾಬಾದವರೆಗೆ ಈ ದೋಣಿಗಳನ್ನು ಐವತ್ತೈದು ವಯಸ್ಸಿನವರೆಗೆ ನಿವೃತ್ತ ನಾವಿಕರೇ ನಡೆಸಲಿ.

ಕಾರವಾರದ ಸೀಬರ್ಡ್ ನೌಕಾನೆಲೆಯ ಯೋಜನೆಗಾಗಿ ಮನೆ, ಹೊಲ, ಬಲೆ ಬೀಸುವ ಕಡಲತೀರ ಎಲ್ಲವನ್ನೂ ಬಿಟ್ಟುಕೊಟ್ಟ ಕುಟುಂಬಗಳ ಮಕ್ಕಳಿಗೆ ಆ ನೆಲೆಯ ವರ್ಕ್‌ಷಾಪುಗಳಲ್ಲಿ ಮೊದಲ ಹಕ್ಕು ಸಿಗಬೇಕೆಂಬುದೂ ನನ್ನ ಬಯಕೆ. ಇನ್ನೊಂದು ಬಯಕೆಯಿದೆ, ಈಡೇರುವ ಭರವಸೆ ನನಗೇ ಇಲ್ಲ. ನೌಕಾಪಡೆಯ ಅಶ್ವಿನಿ ಆಸ್ಪತ್ರೆಗೆ ಊರಿನಿಂದ ಬರುವ ನಮ್ಮ ವೃದ್ಧ ಸೈನಿಕರೂ ಅವರ ಮನೆಯವರೂ ತಂಗುವುದಕ್ಕೆ ಕೊಲಾಬಾದ ಆಸುಪಾಸಿನಲ್ಲಿ ಹತ್ತು ಕೋಣೆಗಳ ಒಂದು ವಸತಿಗೃಹ. ಆದರೆ ಕಾರ್ಗಿಲ್ ವೀರರ ಹೆಸರನ್ನು ಮುಂದೊಡ್ಡಿ ಅದೇ ಕೊಲಾಬಾದಲ್ಲಿ ಎದ್ದ 31 ಅಂತಸ್ತಿನ ಆದರ್ಶ ಕಟ್ಟಡದ ಹಗರಣವು 2010ರಲ್ಲಿ ಬಯಲಾದಂದಿನಿಂದ, ಸೈನಿಕರಿಗಾಗಿ ಜಾಗ ಕೊಡಿರೆಂದು ಕೇಳಹೋದವನ ಮುಖವನ್ನು ಅಧಿಕಾರಿಗಳು ಒಂದು ಬಗೆಯಾಗಿ ನೋಡುತ್ತಾರೆ. ದೊಡ್ಡವರು ಉಂಡುಹೋದ ಎಲೆಯನ್ನು ತೆಗೆಯುವ ಕೆಲಸ ಬಡ ಸಿಪಾಯಿಯ ಪಾಲಿಗೆ ಬಂದಿದೆ.

ಕೊನೆಯದಾಗಿ, ನಮ್ಮ ನಮ್ಮೊಳಗಿನ ವಿಷಯ. ಹಿಂದೊಂದು ಸಮ್ಮೇಳನದಲ್ಲಿ ನಾನು ಈ ಸರ್ಟಿಫಿಕೇಟಿನ ಪ್ರಶ್ನೆಯನ್ನು ಎತ್ತಿದಾಗ, ಒಂದು ಹುದ್ದೆಗೆ ಒಂದೇ ಪೆನ್ಷನ್ ಎಂಬ ಹೋರಾಟದ ಗಮನ ಇದರಿಂದ ಚೆದುರುವುದೆಂದು ಕೆಲವರು ಆಕ್ಷೇಪಿಸಿದರು. ಅನಂತರ ಮೈಕು ಕೆಟ್ಟಿತು. ಅದು ತಾನಾಗಿ ಕೆಟ್ಟಿತೆಂದು ನಂಬುವಷ್ಟು ಸಾಧುವಲ್ಲ ನಾನು. ಯಂತ್ರಗಳ ನಡುವೆ ಬದುಕಿದವನು. ಆ ಹೋರಾಟ ನ್ಯಾಯವಾದದ್ದು. 2015ರಲ್ಲಿ ಜಂತರ್ ಮಂತರಿನಲ್ಲಿ ಕುಳಿತ ಹಿರಿಯರಿಂದ ನಮಗೆಲ್ಲ ನಾಲ್ಕು ಕಾಸು ಹೆಚ್ಚು ಬಂದಿದೆ, ನನಗೂ ಬಂದಿದೆ. ಆದರೆ ಪೆನ್ಷನ್ನಿನ ಲೆಕ್ಕ ಹಾಕುವವರಲ್ಲಿ ಬಹುಮಂದಿ ನಮ್ಮ ವಯಸ್ಸಿನವರು. ಮೂವತ್ತಮೂರರ ಹುಡುಗನಿಗೆ ಮುಂದೆ ಇಪ್ಪತ್ತೇಳು ವರ್ಷಗಳ ದುಡಿಮೆ ಉಳಿದಿದೆ, ಮಕ್ಕಳು ಇನ್ನೂ ಬಾಲವಾಡಿಯಲ್ಲಿವೆ. ಅವನು ಇಂದು ಈ ಸಭೆಗೆ ಬಂದಿಲ್ಲ. ಭಾನುವಾರವೂ ಅವನಿಗೆ ಗೇಟಿನಲ್ಲಿ ಡ್ಯೂಟಿ.

ಇನ್ನು ಕಾರ್ಯದರ್ಶಿಯವರು ನಿರ್ಣಯಗಳನ್ನು ಓದಲಿದ್ದಾರೆ. ಅಚ್ಚಾದ ಪ್ರತಿಯಲ್ಲಿ ಬಾಯ್ಲರ್ ನಿಯಮದ ನಿರ್ಣಯ ಏಳನೆಯದಾಗಿದೆ. ಅದನ್ನು ಮೊದಲನೆಯದಾಗಿ ತೆಗೆದುಕೊಳ್ಳಬೇಕೆಂದು ಅಧ್ಯಕ್ಷನ ಅಧಿಕಾರದಿಂದ ಸೂಚಿಸುತ್ತೇನೆ. ಆಕ್ಷೇಪವಿರುವವರು ಊಟಕ್ಕೆ ಮುಂಚೆಯೇ ಎದ್ದು ಹೇಳಬೇಕು. ಡಿಸ್ಚಾರ್ಜ್ ಪುಸ್ತಕದ ಜೆರಾಕ್ಸ್ ತಂದಿರುವವರು ಬಲಗಡೆಯ ಮೇಜಿನಲ್ಲಿ ಕೊಟ್ಟು ಹೋಗತಕ್ಕದ್ದು; ಅರ್ಜಿಯೊಂದಿಗೆ ಅವನ್ನು ಲಗತ್ತಿಸಿ ಈ ತಿಂಗಳೊಳಗೆ ಕಳುಹಿಸುತ್ತೇನೆ.